ಎರಡನೇ ಗಾಡಿ ಹೋಗುವ ತನಕ

ಕೊನೆಯ ಡಬ್ಬಿ ದಾಟಿ, ಅದರ ಬೆನ್ನಿನ ಕೆಂಪು ದೀಪ ಸಿಂಧನೂರು ಸ್ಟೇಶನ್ನಿನ ಕಡೆಗೆ ಸಣ್ಣದಾಗುತ್ತ ಹೋದದ್ದೇ ತಡ, ಗೇಟಿನ ಎರಡೂ ಬದಿಯ ಇಂಜಿನ್ನುಗಳು ಒಮ್ಮೆಲೇ ಎಚ್ಚರಗೊಂಡವು. ಭತ್ತದ ಲಾರಿ ಗುಡುಗಿತು. ಮೂರು ಗಾಲಿಯ ಟಂಟಂ ಕೆಮ್ಮಿ ಕೆಮ್ಮಿ ಹೊಗೆ ಕಾರಿತು. ಬೈಕಿನವರು ಒಂದು ಕಾಲನ್ನು ನೆಲಕ್ಕೂರಿ, ಮುಂದಿನ ಗಾಲಿಯನ್ನು ಅಡ್ಡದಂಡಕ್ಕೆ ತಾಗಿಸುವಷ್ಟು ಸರಿದು ನಿಂತರು. ಎಲ್ಲರ ಕಣ್ಣೂ ಆ ಕೆಂಪು-ಬಿಳಿ ಪಟ್ಟಿಯ ದಂಡದ ಮೇಲೆ.

ದಂಡ ಏಳಲಿಲ್ಲ.

"ಎತ್ತವಾ ತಂಗಿ! ಹೋತಲ್ಲ ರೈಲು!"

ಗೇಟಿನ ಕೋಣೆಯ ಬಾಗಿಲಲ್ಲಿ ನಿಂತಿದ್ದ ದೀಪಿಕಾ ಸುತ್ತಿದ ಬಾವುಟವನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. "ಇನ್ನೊಂದು ಐತ್ರಿ," ಎಂದಳು. ಆ ಮಾತು ಅವಳ ಬಾಯಿಂದ ಹೊರಟು ಅವಳದೇ ಅಂಗಿಯ ಎರಡನೇ ಗುಂಡಿಯ ತನಕ ಬಂದು ಅಲ್ಲೇ ಉಳಿಯಿತು.

ಹಾಗೆ ನೋಡಿದರೆ ತಪ್ಪು ಜನರದ್ದೂ ಅಲ್ಲ. ಈ ಊರಿಗೆ ರೈಲು ಬಂದದ್ದೇ ನಿನ್ನೆ ಮೊನ್ನೆ. ಬಂದಾಗ ಒಂದೇ ಹಳಿಯ ಮೇಲೆ ಬಂತು. ಒಂದು ಗಾಡಿ ಊರೊಳಗೆ ಹೋಗುವಾಗ ಇನ್ನೊಂದು ಹೊರಗೆ ಗದ್ದೆಗಳ ನಡುವೆ ನಿಂತು ಕಾಯುತ್ತಿತ್ತು. ಗೇಟು ಬಿತ್ತು, ಗಾಡಿ ಹೋಯಿತು, ಗೇಟು ಎದ್ದಿತು: ಜನ ಇದನ್ನು ಕಲಿತರು. ಆಮೇಲೆ ಮಗ್ಗುಲಲ್ಲಿ ಎರಡನೇ ಹಳಿ ಹಾಕಿದರು. ಪ್ಯಾಸೆಂಜರ್ ಗಾಡಿ ಈ ಹಳಿಯಿಂದ ಪ್ಲಾಟ್‌ಫಾರಂಗೆ, ಅಕ್ಕಿ ತುಂಬುವ ಗೂಡ್ಸ್ ಗಾಡಿ ಆ ಹಳಿಯಿಂದ ಗೋದಾಮಿಗೆ, ಯಾರೂ ಯಾರಿಗೂ ಕಾಯಬೇಕಿಲ್ಲ ಎಂಬ ಲೆಕ್ಕ. ಆದರೆ ಹಾಕಿದ ಹಳಿ ತಿಂಗಳುಗಟ್ಟಲೆ ಸುಮ್ಮನೆ ಬಿದ್ದಿತ್ತು. ಕಬ್ಬಿಣ ಬಿಸಿಲಿಗೆ ಚೆನ್ನಾಗಿ ಕಾಯುತ್ತದೆ ಎಂಬುದನ್ನು ಮೊದಲು ಕಂಡುಕೊಂಡವಳು ಗೇಟಿನ ಪಕ್ಕದ ಓಣಿಯ ಆದೆಮ್ಮ. ಅವಳು ಹಳಿಯ ಮೇಲೆ ಸೀರೆ ಹಾಸಿ ಹಪ್ಪಳ ಒಣ ಹಾಕಿದಳು. ಮರುದಿನ ಅವಳ ನೆರೆಯವಳು ಸಂಡಿಗೆ ಹಾಕಿದಳು. ಯಾರೋ ಎಮ್ಮೆಯ ಕರುವನ್ನು ತಂದು ಕಟ್ಟಿದರು. ಓಣಿಯ ಜನರ ಮಟ್ಟಿಗೆ ಅದು ಸರಕಾರ ತಮಗೆಂದೇ ಹಾಕಿಸಿಕೊಟ್ಟ ಹಪ್ಪಳದ ಹಳಿ. ಅದರ ಮೇಲೆ ಇವತ್ತಿನಿಂದ ಗಾಡಿ ಬರುತ್ತದೆ ಎಂದರೆ ನಂಬುವವರು ಯಾರು?

ದೀಪಿಕಾ ವಳಕಮದಿನ್ನಿಯ ಗಿಡ್ಡಪ್ಪನ ಮಗಳು. ಬಿ.ಎ. ಮುಗಿಸಿದವಳು. ಕಾಲೇಜಿನಲ್ಲಿ ಹಾಜರಿ ಕೂಗಿದಾಗ ಅವಳು ಹೇಳಿದ "ಎಸ್ ಸರ್" ಮುಂದಿನ ಬೆಂಚಿಗೂ ಕೇಳಿಸದೆ, ಎದುರಿಗೆ ಕೂತಿದ್ದರೂ ಗೈರುಹಾಜರಿ ಬೀಳುತ್ತಿತ್ತು. ಪರೀಕ್ಷೆ ಬರೆದು ಗೇಟಿನ ನೌಕರಿ ಸಿಕ್ಕಾಗ ಮನೆಯಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡರು. ಅವಳು ಮಾತ್ರ ಒಳಗೊಳಗೇ ಹಿಗ್ಗಿದ್ದಳು. ಬಂದು ನೋಡಿದರೆ ಅವಳು ಎಣಿಸಿದ್ದಕ್ಕಿಂತಲೂ ಚೆನ್ನಾಗಿತ್ತು. ಜನ ಗೇಟಿನ ಹತ್ತಿರ ಬರುತ್ತಾರೆ, ಆದರೆ ನೋಡುವುದು ರೈಲನ್ನು. ನೂರು ಮಂದಿಯ ನಡುವೆ ಇದ್ದೂ ಯಾರ ಕಣ್ಣಿಗೂ ಬೀಳದೆ ಇರಬಹುದಾದ ನೌಕರಿ ಇನ್ನೆಲ್ಲಿ ಸಿಗುತ್ತದೆ?

ಎರಡನೇ ಹಳಿ ಈ ಸುಖಕ್ಕೆ ಕಲ್ಲು ಹಾಕಿತು. ಮೊದಲ ಗಾಡಿ ಹೋಗಿ ಎರಡನೆಯದು ಬರುವ ನಡುವಿನ ಹೊತ್ತಿನಲ್ಲಿ ನೋಡಲು ರೈಲಿಲ್ಲ. ಆಗ ಜನ ಅವಳನ್ನು ನೋಡುತ್ತಾರೆ. ನೋಡುವುದಷ್ಟೇ ಆದರೆ ತಡೆದುಕೊಳ್ಳಬಹುದಿತ್ತು. ಹೋದ ವಾರ ಬರೀ ಇಂಜಿನ್ನನ್ನು ಆ ಹಳಿಯ ಮೇಲೆ ಓಡಿಸಿ ನೋಡುವಾಗ ಹಾಲಿನವನೊಬ್ಬ ದಂಡದ ಕೆಳಗೆ ಬೈಕನ್ನು ಓರೆ ಮಾಡಿ ನುಸುಳಿಬಿಟ್ಟ. ದೀಪಿಕಾ "ನಿಲ್ರೀ" ಎಂದು ಕೂಗಿದ್ದು ನಿಜ. ಕೇಳಿದ್ದು ಅವಳೊಬ್ಬಳಿಗೇ. ಇಂಜಿನ್ನಿನವನು ಬ್ರೇಕು ಹಾಕಿದ್ದಕ್ಕೆ ಆಸಾಮಿ ಉಳಿದ. ಕ್ಯಾನು ಉರುಳಿ, ಹಾಲು ಹಳಿಗಳ ನಡುವಿನ ಜಲ್ಲಿಯಲ್ಲಿ ಇಂಗಿಹೋಯಿತು. ಇನ್ಸ್‌ಪೆಕ್ಟರು ಬಂದು, ಬೈಯಲೂ ಮನಸ್ಸಾಗದೆ, "ನೋಡವಾ, ದನಿ ಇಲ್ಲಂದ್ರ ಈ ಗೇಟು ನಿನ್ನ ಕೈಲಿ ಆಗಂಗಿಲ್ಲ. ಇನ್ನೊಮ್ಮಿ ಹಿಂಗಾದ್ರ ನಿನ್ನ ಇಲ್ಲಿಂದ ತಗಿಯೋದು ಬಿಟ್ರ ನನಗ ಮತ್ತೇನೂ ಹಾದಿ ಇಲ್ಲ," ಎಂದು ಹೇಳಿಹೋದರು.

ಹಗಲು ಪಾಳಿಯ ಜಂಗ್ಲಿಸಾಬ್ ಹಳಬ. ಅವನು ಅವಳನ್ನು ಕಾಲುವೆಯ ದಂಡೆಗೆ ಕರೆದುಕೊಂಡು ಹೋಗಿ ನಿಲ್ಲಿಸಿ, ತಾನು ಆಚೆ ದಂಡೆಗೆ ಹೋಗಿ ನಿಂತು, "ಈಗ ಕೂಗು ಬೇಟಿ," ಎಂದಿದ್ದ. ಅವಳು ಕೂಗಿದಳು. ನಡುವೆ ಮೇಯುತ್ತಿದ್ದ ಎಮ್ಮೆಗಳು ಕಿವಿಯನ್ನೂ ಅಲ್ಲಾಡಿಸಲಿಲ್ಲ. ಇವತ್ತು ಪಾಳಿ ಬಿಟ್ಟು ಹೋಗುವಾಗ ಅವನು ಸೈಕಲ್ಲಿನ ಮೇಲೆ ಕೂತೇ ಹೇಳಿದ್ದ: "ಬೇಟಿ, ದಂಡದ ಫಿಕರ್ ಮಾಡಬ್ಯಾಡ, ಸ್ಟೇಶನ್ನಿಂದ ಹುಕುಂ ಬರೋತನಾ ನೀ ಹಿಡಿಕಿ ತಿರಿವಿದ್ರೂ ಅದು ಏಳಂಗಿಲ್ಲ. ಅದರ ಕೆಳಗ ಬಗ್ಗೋ ಮಂದಿ ಮ್ಯಾಲ ಕಣ್ಣಿಡು. ಎರಡನೇ ಗಾಡಿ ಹೋಗೋತನಾ ದಮ್ ಹಿಡಿ."

ಅವಳು ದಮ್ ಹಿಡಿದೇ ನಿಂತಿದ್ದಳು. ಒಳಗೆ ಹೋಗಿ ಫೋನು ಎತ್ತಿದಳು. ಸ್ಟೇಶನ್ ಮಾಸ್ತರರು, "ಬಿಟ್ಟಾರವಾ. ಹೊಸಾ ಹಳಿ ನೋಡು, ನಡಕೊಂಡು ಬಂದಂಗ ಬರಾಕತ್ತೈತಿ," ಎಂದರು.

ಅಷ್ಟರಲ್ಲಿ ಹೊರಗೆ ಹಾರ್ನುಗಳ ನಡುವೆಯೇ ಒಂದು ಹೆಣ್ಣುದನಿ ಎದ್ದಿತು. ಹಾರ್ನುಗಳೇ ಸಣ್ಣವಾದವು.

"ಯಾರಬೇ ಇಲ್ಲಿ ಗೇಟ್ ಕಾಯೋರು? ಕಾಯಾಕತ್ತೀರೋ, ಮಲಗೀರೋ?"

ಊರ ಕಡೆಯ ದಂಡದ ಮುಂದೆ ಚೆಂಡುಹೂ ಕಟ್ಟಿದ ಬಿಳಿ ಕಾರು, ಅದರ ಹಿಂದೆ ಹೆಣ್ಣುಮಕ್ಕಳು ತುಂಬಿದ ಟ್ರ್ಯಾಕ್ಟರು ನಿಂತಿದ್ದವು. ಮಸ್ಕಿಯಲ್ಲಿ ಮದುವೆ ಮುಗಿಸಿಕೊಂಡು ತುರ್ವಿಹಾಳಕ್ಕೆ ಹೊರಟ ದಿಬ್ಬಣ. ದನಿ ಮದುಮಗನ ದೊಡ್ಡಮ್ಮ ಯಮನೂರಮ್ಮನದು. ಎತ್ತರದ ಹೆಂಗಸು. ಹಣೆಯ ತುಂಬ ಕುಂಕುಮ, ತೋಳಿನಲ್ಲಿ ಜೋತುಬಿದ್ದ ಬಟ್ಟೆಯ ಚೀಲ. ಟ್ರ್ಯಾಕ್ಟರಿನ ಗಾಲಿಯ ಮೇಲಿನ ತಗಡಿನಲ್ಲಿ, ತಲೆಗೆ ವಸ್ತ್ರ ಸುತ್ತಿಕೊಂಡು, ಲೋಕದ ಯಾವ ಗದ್ದಲವೂ ತನಗೆ ಸಂಬಂಧವಿಲ್ಲ ಎಂಬಂತೆ ಕೂತಿದ್ದವನು ಅವಳ ಗಂಡ ನರಸಣ್ಣ.

"ಇನ್ನೊಂದು ಗಾಡಿ ಬರೋದೈತ್ರಿ ಅಮ್ಮಾರ," ಎಂದಳು ದೀಪಿಕಾ, ಹತ್ತಿರ ಬಂದು. "ಆ ಹಳಿ ಮ್ಯಾಲ."

"ಯಾವ ಹಳಿ? ಅದಾ?" ಯಮನೂರಮ್ಮ ಬೆರಳು ಚಾಚಿದಳು.

ಮದುಮಗಳನ್ನು ನೋಡಲೆಂದು ಓಣಿಯಿಂದ ಓಡಿಬಂದಿದ್ದ ಆದೆಮ್ಮ ನಡುವೆ ಬಾಯಿ ಹಾಕಿದಳು. "ಅದರ ಮ್ಯಾಲ ಏನ್ ರೈಲು ಬರತೈತಿ ಯಕ್ಕಾ! ಹೋದ ವಾರ ಬರೀ ಇಂಜಿನ್ ಓಡಿಸಿ ನೋಡಿ ಹೋದ್ರು, ಅಷ್ಟ. ಮೊನ್ನೆತನಾ ನಾ ಹಪ್ಪಳ ಒಣ ಹಾಕೀನಿ. ಒಂದು ಹಪ್ಪಳನೂ ಮುರದಿಲ್ಲ."

"ಕೇಳಿದೇನಬೇ? ಹೊತ್ತು ನೋಡು, ತಾಳಿಮರದ ಕೆಳಗ ಇಳಿದೈತಿ. ದೀಪಾ ಹಚ್ಚೋದ್ರೊಳಗ ಸೊಸೀನ ಮನಿ ತುಂಬಿಸ್ಕೋಬೇಕಂತ ಅಯ್ಯನವರು ಬಾಯಿಬಿಟ್ಟು ಹೇಳ್ಯಾರ. ಅಲ್ಲಿ ಬಾಗಲದಾಗ ಸೇರಕ್ಕಿ ಇಟ್ಕೊಂಡು ಕುಂತಾರ. ನೀ ಇಲ್ಲಿ ಹಪ್ಪಳದ ಹಳಿ ಕಾಯಾಕತ್ತೀದಿ!"

ಟ್ರ್ಯಾಕ್ಟರಿನಲ್ಲಿ ನಗೆ ಎದ್ದಿತು. ದೀಪಿಕಾಳ ಕಿವಿ ಬಿಸಿಯಾಯಿತು. ಹೇಳಬೇಕಾದದ್ದು ಅವಳ ಎದೆಯಲ್ಲಿ ಸಾಲಾಗಿ, ಅಚ್ಚುಕಟ್ಟಾಗಿ ನಿಂತಿತ್ತು. ಗೂಡ್ಸ್ ಗಾಡಿ ಇಂಜಿನ್ನನ್ನು ಹಿಂದಿಟ್ಟುಕೊಂಡು ಡಬ್ಬಿಗಳನ್ನು ಮುಂದೆ ನೂಕಿಕೊಂಡು ಬರುತ್ತದೆ, ಇಂಜಿನ್ನಿನ ಸದ್ದು ಮೊದಲು ಕೇಳಿಸುವುದೇ ಇಲ್ಲ, ಅತ್ತ ಜಾಲಿಯ ಮರೆಯಿದೆ, ಕಾಣಿಸುವ ಹೊತ್ತಿಗೆ ಅದು ಇಲ್ಲೇ ಇರುತ್ತದೆ. ಇಷ್ಟೂ ಹೇಳಬೇಕು. ಬಾಯಿಗೆ ಬಂದದ್ದು, "ಸ್ವಲ್ಪ ತಡೀರಿ," ಎಂಬುದಷ್ಟೇ.

"ತಡದದ್ದು ಸಾಕು," ಎಂದಳು ಯಮನೂರಮ್ಮ. ತಿರುಗಿ ಕಾರಿನ ಬಾಗಿಲು ಬಡಿದಳು. "ಏ ಕನಕರಾಜ, ಇಳೀಲೇ. ಆಕಿನೂ ಇಳಸು. ಕಾರು ಇಲ್ಲೇ ಇರಲಿ, ಆಮ್ಯಾಲ ಬರತೈತಿ. ಆ ಕಡಿ ಆಟೋ ನಿಂತಾವ ನೋಡು. ನಡಕೊಂಡು ದಾಟಿ ಆಟೋ ಹತ್ತಿಬಿಡ್ರಿ."

ಕನಕರಾಜ ಇಳಿದ. ಬಾಸಿಂಗ ಒಂದು ಕಡೆ ವಾಲಿತ್ತು, ಬೆವರಿಗೆ ಗಲ್ಲದ ಅರಿಷಿಣ ಕರಗಿ ಕಾಲರಿಗೆ ಇಳಿದಿತ್ತು. ಅವನ ಶಲ್ಯದ ತುದಿಗೆ ಸೆರಗು ಗಂಟು ಹಾಕಿಸಿಕೊಂಡ ಮದುಮಗಳು ಪ್ರಿಯಾಂಕಾ ಅವನ ಹಿಂದೆಯೇ ಎಳೆದಂತೆ ಇಳಿದಳು. ಮದುಮಕ್ಕಳೇ ನಡೆದು ದಾಟುವುದಾದರೆ ನಮಗೇನು ಎಂದು ಬೈಕಿನವರಿಬ್ಬರು ತಮ್ಮ ಗಾಡಿಗಳನ್ನು ಓರೆ ಮಾಡತೊಡಗಿದರು. ಅತ್ತ ಆಚೆ ದಂಡದ ಬಳಿಯೂ ಹುಲ್ಲಿನ ಹೊರೆ ಹೊತ್ತವರು ಬಗ್ಗಿ ಅಳತೆ ನೋಡುತ್ತಿದ್ದರು. ಕನಕರಾಜ ತಲೆ ಬಗ್ಗಿಸಿದ. ಬಾಸಿಂಗ ದಂಡಕ್ಕೆ ಸಿಕ್ಕಿಕೊಂಡಿತು. ಅದನ್ನು ಬಿಡಿಸಿಕೊಳ್ಳುತ್ತ ನಿಂತ.

ದೀಪಿಕಾ ಓಡಿದಳು. ದಂಡದ ಒಳಮಗ್ಗುಲಿಗೆ, ಹಳಿಗೆ ಬೆನ್ನು ಮಾಡಿ, ಅವರಿಬ್ಬರ ಎದುರಿಗೆ ನಿಂತು ಬಾಯಿ ತೆರೆದಳು. ಏನೂ ಬರಲಿಲ್ಲ. ಬಾರದ್ದರಿಂದ, ಬೇರೆ ದಾರಿ ಕಾಣದೆ, ಎರಡೂ ಕೈಗಳನ್ನು ಅಗಲಕ್ಕೆ ಚಾಚಿದಳು. ಒಂದು ಕೈಯಲ್ಲಿ ಸುತ್ತಿದ ಬಾವುಟ, ಇನ್ನೊಂದು ಬರಿಗೈ. ಹಾಗೇ ನಿಂತುಬಿಟ್ಟಳು.

ಒಂದು ಗಳಿಗೆ ಯಾರಿಗೂ ಏನೂ ತಿಳಿಯಲಿಲ್ಲ.

ಆದೆಮ್ಮ ಚಪ್ಪಾಳೆ ತಟ್ಟಿದಳು. "ಅಯ್ ನನ್ನವ್ವಾ! ನೋಡ್ರೇ, ನೋಡ್ರೇ! ಹುಡುಗಿ ಬಾಗಲಾ ತಡದಾಳ!"

ಟ್ರ್ಯಾಕ್ಟರಿನ ಹೆಣ್ಣುಮಕ್ಕಳು ಎದ್ದು ನಿಂತರು. ಹೌದಲ್ಲ! ಹೊಸ ಸೊಸೆ ಹೊಸಿಲು ದಾಟುವ ಮುಂಚೆ ನಾದಿನಿಯರು ಹೀಗೇ ಅಲ್ಲವೇ ಎರಡೂ ಕೈ ಚಾಚಿ ನಿಲ್ಲುವುದು? ಗಂಡ ಹೆಂಡತಿಯ ಹೆಸರನ್ನು, ಹೆಂಡತಿ ಗಂಡನ ಹೆಸರನ್ನು ಒಡಪಿನಲ್ಲಿ ಹೆಣೆದು ಹೇಳಿದ ಹೊರತು ಒಳಗೆ ಬಿಡುವುದುಂಟೇ?

"ಹೆಸರು ಹೇಳಸಬೇ ತಂಗಿ! ಬಿಡಬ್ಯಾಡ!"

ದೀಪಿಕಾಳಿಗೆ ಮೊದಲು ಅರ್ಥವಾಗಲಿಲ್ಲ. ತನ್ನ ಚಾಚಿದ ಕೈಗಳನ್ನು ತಾನೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿಕೊಂಡಳು. ಅರ್ಥವಾದಾಗ, ನೀರಿಗೆ ಬಿದ್ದವನಿಗೆ ಹಗ್ಗದ ತುದಿ ಸಿಕ್ಕ ಹಾಗಾಯಿತು.

"ಹೂನ್ರಿ," ಎಂದಳು. "ಹೆಸರು ಹೇಳ್ರಿ. ಹೇಳದ ಬಿಡಂಗಿಲ್ಲ."

ಆಶ್ಚರ್ಯವೆಂದರೆ ಆ ಸಣ್ಣ ದನಿ ಎಲ್ಲರಿಗೂ ಕೇಳಿಸಿತು. ಒಡಪು ಎಂದರೆ ಜನ ತಾವಾಗಿ ಬಾಯಿ ಮುಚ್ಚಿ ಕಿವಿ ತೆರೆಯುತ್ತಾರೆ. ಲಾರಿಯ ಡ್ರೈವರು ಇಂಜಿನ್ನು ಬಂದ್ ಮಾಡಿದ.

ಯಮನೂರಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ಮುಂದೆ ಬಂದಳು. "ನೀ ಯಾವ ಸೀಮಿ ನಾದ್ನಿಬೇ?"

"ಈ ಗೇಟಿನ ನಾದ್ನಿರಿ," ಎಂದಳು ದೀಪಿಕಾ.

ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. ಇಷ್ಟು ಜನರ ಮುಂದೆ ತಾನು ಒಂದು ಚೇಷ್ಟೆಯ ಮಾತಾಡಿದ್ದೇ? ಜನ ಮಾತ್ರ ಹೋ ಎಂದು ನಕ್ಕರು. ಟ್ರ್ಯಾಕ್ಟರಿನೊಳಗಿಂದ ಯಾರೋ, "ಇರಲಿ ಬಿಡಬೇ ಯಮನೂರಿ, ಕನಕಗ ಅಕ್ಕ ಇಲ್ಲ ತಂಗಿ ಇಲ್ಲ. ಬಾಗಲಾ ತಡಿಯೋರು ಯಾರೂ ಇಲ್ಲಂತ ನೀನ ಮುಂಜಾನಿಂದ ಗೊಣಗಾಕತ್ತಿದ್ದಿ. ಈಗ ದೇವರ ಕಳಸ್ಯಾನ," ಎಂದರು. ಯಮನೂರಮ್ಮನ ಕೈ ಸೊಂಟದಿಂದ ಜಾರಿತು. ಬಾಗಿಲು ತಡೆದವಳನ್ನು ಹಾಗೇ ಸರಿಸಿ ಹೋದರೆ ಒಳ್ಳೆಯದಲ್ಲ ಎಂಬುದು ಅವಳಿಗೂ ಗೊತ್ತು.

"ಹೇಳಲೇ ಮತ್ತ, ಜಲ್ದಿ ಹೇಳಿ ಮುಗಸು," ಎಂದಳು ಕನಕರಾಜನಿಗೆ.

ಕನಕರಾಜ ಗಂಟಲು ಸರಿಮಾಡಿಕೊಂಡ. "ಪ್ರಿಯಾಂಕಾ," ಎಂದ.

"ಹಂಗ ಬರೀ ಹೆಸರು ನಡಿಯಂಗಿಲ್ಲ!" ಎಂದು ಹತ್ತು ಬಾಯಿಗಳು ಕೂಗಿದವು. "ರೇಶನ್ ಅಂಗಡ್ಯಾಗ ಕೂಗಿದಂಗ ಕೂಗ್ತಾನ ನೋಡು!"

ಅವನು ಹಣೆ ತಿಕ್ಕಿಕೊಂಡ. ಆಕಾಶ ನೋಡಿದ. ಕಡೆಗೆ ಹೆಂಡತಿಯ ಹಣೆಯ ಮೇಲಿನ ಹೂವಿನ ದಂಡೆ ಕಣ್ಣಿಗೆ ಬಿದ್ದಿರಬೇಕು.

"ಮಸ್ಕಿ ಪ್ಯಾಟ್ಯಾಗ ಕೊಂಡೀನಿ ಮಲ್ಲಿಗಿ ದಂಡಿ,
ಪ್ರಿಯಾಂಕಾ ಏರ್ಯಾಳ ನಮ್ಮೂರ ಬಂಡಿ."

"ಬಂಡಿ ಎಲ್ಲೈತಲೇ, ಬಾಡಿಗಿ ಕಾರು!" ಎಂದ ಬೈಕಿನವನು. ಅವನು ತನ್ನ ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ ಸೀಟಿನ ಮೇಲೆ ಅಡ್ಡಕ್ಕೆ ಕೂತಿದ್ದ. ಆಚೆ ದಂಡದಿಂದ ಕೂಗು ಬಂತು: "ಏನಂದ್ರಿ? ನಮಗ ಕೇಳವಲ್ದು! ಜೋರಾಗಿ ಹೇಳ್ರಿ!" ಹುಲ್ಲಿನ ಹೊರೆಗಳು ನೆಲಕ್ಕಿಳಿದಿದ್ದವು. ಎರಡು ಹಳಿಗಳ ಆಚೆಗೂ ಜನ ಕಿವಿಗೆ ಕೈಯಿಟ್ಟು ನಿಂತಿದ್ದರು.

"ನೀ ಹೇಳವಾ ತಂಗಿ, ನೀ ನಡುವ ಅದೀಯಲ್ಲ," ಎಂದಳು ಆದೆಮ್ಮ.

ದೀಪಿಕಾ ಅರ್ಧ ತಿರುಗಿ ಕನಕರಾಜನ ಒಡಪನ್ನು ಆಚೆಯವರಿಗೆ ಹೇಳಿದಳು. ಮೊದಲ ಸಾಲು ಹಳಿಗಳ ನಡುವೆ ಎಲ್ಲೋ ಬಿದ್ದುಹೋಯಿತು. ಎರಡನೆಯದು ಮುಟ್ಟಿತು. ಅತ್ತಲಿಂದ ನಗೆ ಬಂತು. ತಾನು ಆಡಿದ ಮಾತು ಅಷ್ಟು ದೂರ ಹೋಗಿ, ಅಲ್ಲಿಂದ ನಗೆಯಾಗಿ ತಿರುಗಿ ಬಂದದ್ದು ಅವಳಿಗೆ ಹೊಸದು.

ಈಗ ಮದುಮಗಳ ಸರದಿ. ಪ್ರಿಯಾಂಕಾ ತಲೆ ತಗ್ಗಿಸಿಯೇ ಇದ್ದಳು. ಹೆಂಗಸರು ಒತ್ತಾಯ ಮಾಡಿದಷ್ಟೂ ತಲೆ ಇನ್ನೂ ಕೆಳಗೆ ಹೋಗುತ್ತಿತ್ತು. ದೀಪಿಕಾಳಿಗೆ ಅವಳ ಸಂಕಟ ತನ್ನದೇ ಎನ್ನಿಸಿತು. ಬಗ್ಗಿ, ದಂಡದ ಮೇಲಿಂದ ಅವಳ ಮುಖದ ಹತ್ತಿರ ಮುಖ ತಂದು, "ನನಗಷ್ಟ ಹೇಳ್ರಿ. ಅವರಿಗೆ ನಾ ಹೇಳ್ತೀನಿ," ಎಂದಳು. ಪ್ರಿಯಾಂಕಾ ಕಣ್ಣೆತ್ತಿದಳು. ದೀಪಿಕಾಳ ಬೆನ್ನ ಹಿಂದೆ ಉದ್ದಕ್ಕೆ ಮಲಗಿದ್ದ ಹಳಿಗಳನ್ನು ನೋಡಿದಳು. ಅವಳ ತುಟಿ ಅಲುಗಿತು.

ದೀಪಿಕಾ ನೆಟ್ಟಗೆ ನಿಂತು, ಮೊದಲು ಈಚೆಯವರಿಗೆ, ಆಮೇಲೆ ಆಚೆಯವರಿಗೆ ಕೂಗಿ ಹೇಳಿದಳು:

"ಒಂದು ಹಳಿ ಹೋಗಾಕ, ಒಂದು ಹಳಿ ಬರಾಕ,
ನಾ ಬಂದದ್ದು ಕನಕರಾಜರ ಮನ್ಯಾಗ ಇರಾಕ!"

"ವಾರೆವ್ಹಾ!" ಎಂದ ಲಾರಿಯವನು. ಕನಕರಾಜನ ಮುಖದಲ್ಲಿ ಉಳಿದಿದ್ದ ಅರಿಷಿಣವೂ ಕೆಂಪಾಯಿತು. ಯಮನೂರಮ್ಮ ಸೊಸೆಯನ್ನು ಮೇಲಿಂದ ಕೆಳಗೆ ನೋಡಿ, "ಅಡ್ಡಿಯಿಲ್ಲ, ಬಾಯಿ ಐತಿ," ಎಂದಳು. ಅದು ಹೊಗಳಿಕೆಯೋ ಎಚ್ಚರಿಕೆಯೋ ಯಾರಿಗೂ ತಿಳಿಯಲಿಲ್ಲ.

"ಆತಲ್ಲ? ಇನ್ನ ಬಿಡು," ಎಂದಳು ದೀಪಿಕಾಳಿಗೆ.

ದೀಪಿಕಾ ಜಾಲಿಮರಗಳ ಕಡೆ ನೋಡಿದಳು. ಏನೂ ಕಾಣಲಿಲ್ಲ. ಕೋಣೆಯ ಫೋನೂ ಸುಮ್ಮನಿತ್ತು. ಅವಳು ಸುತ್ತ ಕಣ್ಣಾಡಿಸಿದಳು. ಯಾರನ್ನಾದರೂ ಹಿಡಿಯಬೇಕು.

"ಲಾರಿ ಅಣ್ಣಾರು ಹೇಳಿಲ್ರಿ," ಎಂದಳು.

"ನಂದೇನವಾ? ನಂದು ಲಗ್ನ ಆಗಿ ಮಗಳು ಸಾಲಿಗೆ ಹೊಂಟಾಳ!" ಎಂದ ಲಾರಿಯ ಡ್ರೈವರು ಜಾಹೀದ್, ಕಿಟಕಿಯಿಂದ ಇಣುಕಿ. ಬಿಡುವವರು ಯಾರು? ಅವನು ಕೆಳಗಿಳಿದ, ಹೆಗಲ ಟವೆಲ್ಲು ಕೊಡವಿದ, ಲಾರಿಯ ಬಾನೆಟ್ಟಿನ ಮೇಲೆ ತಾಳ ಹಾಕಿದ.

"ಭತ್ತದ ಲಾರಿ ಮ್ಯಾಲ ಎಳದೀನಿ ತಾಡಪಾಲ್,
ರಾಜಾಬೀ ನಕ್ಕರ ನಾ ಖುಶ್‌ಹಾಲ್!"

ಅದನ್ನು ಆಚೆಗೆ ಯಾರೂ ಮುಟ್ಟಿಸಬೇಕಾಗಲಿಲ್ಲ. ಅವನ ದನಿಗೆ ಗದ್ದೆಯ ಬೆಳ್ಳಕ್ಕಿಗಳೇ ಎದ್ದು ಹಾರಿದವು. ಆಚೆಯವರೂ ಸುಮ್ಮನಿರಲಿಲ್ಲ. ಹುಲ್ಲು ಹೊತ್ತವರಲ್ಲೊಬ್ಬಳು ಏನೋ ಹೇಳಿದಳು, ಅವಳ ಜೊತೆಯವರು ಅವಳ ಬೆನ್ನಿಗೆ ಗುದ್ದಿದರು. ಆಟೋದವನೊಬ್ಬ ತನಗಿನ್ನೂ ಮದುವೆಯಾಗಿಲ್ಲ, ಯಾರ ಹೆಸರು ಹೇಳಲಿ ಎಂದು ಕೇಳಿದ್ದಕ್ಕೆ ಈಚೆಯಿಂದ ಬೇಕಾದಷ್ಟು ಹೆಸರುಗಳು ಹೋದವು. ಒಬ್ಬನೂ ದಂಡದ ಕೆಳಗೆ ಬಗ್ಗಲಿಲ್ಲ. ಬಗ್ಗಿದರೆ ಮುಂದಿನ ಒಡಪು ತಪ್ಪಿಹೋಗುತ್ತದಲ್ಲ!

ಯಮನೂರಮ್ಮ ಮಾತ್ರ ಹೊತ್ತನ್ನು ನೋಡುತ್ತ ಚಡಪಡಿಸುತ್ತಿದ್ದಳು. "ಸಾಕು, ನಿಮ್ಮ ಚಂದಾ! ನಡೀರಿನ್ನ," ಎಂದು ಪ್ರಿಯಾಂಕಾಳ ಮುಂಗೈ ಹಿಡಿದಳು. ಅವಳೇ ದಂಡದ ಕೆಳಗೆ ತಲೆ ಬಗ್ಗಿಸಿದಳು.

ದೀಪಿಕಾ ಅವಳ ಮುಂದೆ ಸರಿದು ನಿಂತಳು. ಕೈ ಇನ್ನೂ ಚಾಚಿಯೇ ಇತ್ತು.

"ನೀವೂ ಹೇಳಿಲ್ರಿ."

"ನಾನಾ?" ಯಮನೂರಮ್ಮ ಬಗ್ಗಿದಲ್ಲೇ ತಲೆಯೆತ್ತಿದಳು. "ಮೊಮ್ಮಕ್ಕಳನ್ನ ಆಡಿಸೋ ವಯಸ್ಸಿನ್ಯಾಗ ನಾನಾ?"

ಟ್ರ್ಯಾಕ್ಟರು ಅಲುಗಾಡುವಂತೆ ಹೆಣ್ಣುಮಕ್ಕಳು ಕುಣಿದಾಡಿದರು. "ಹೇಳಬೇ ಯಮನೂರಿ! ಊರಿಗೆಲ್ಲ ಬಾಯಿ, ಗಂಡನ ಹೆಸರಿಗಿಲ್ಲೇನು?" "ಆಕಿ ಲಗ್ನದಾಗೂ ಹೇಳಿಲ್ಲ, ನಾ ನೋಡೀನಿ. ನಾದ್ನಿ ಕೈ ಕಚ್ಚಿ ಒಳಗ ಹೋಗ್ಯಾಳ!" "ನರಸಣ್ಣ ಮಾವಾರ, ನೋಡ್ರಿ, ನಿಮ್ಮ ಹೆಸರು ಹೇಳ್ತಾಳಂತ!"

ನರಸಣ್ಣ ತಗಡಿನ ಮೇಲೆ ಕೂತವನು ಮೊದಲ ಬಾರಿಗೆ ಕತ್ತು ತಿರುಗಿಸಿದ.

ಅವನು ತಿರುಗಿದ್ದನ್ನು ಯಮನೂರಮ್ಮ ನೋಡಿದಳು. ದೀಪಿಕಾಳಿಗೆ ಒಂದು ವಿಚಿತ್ರ ಕಂಡಿತು: ಇಷ್ಟು ಹೊತ್ತು ಗುಡುಗುತ್ತಿದ್ದ ಆ ಹೆಂಗಸು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಅವಳ ದನಿ ಎಲ್ಲೋ ಹೋಗಿಬಿಟ್ಟಿತ್ತು. ದನಿ ಹೋಗುವುದು ಹೇಗಿರುತ್ತದೆ ಎಂದು ದೀಪಿಕಾಳಿಗೆ ಚೆನ್ನಾಗಿ ಗೊತ್ತು. ಅವಳು ಕಾದಳು.

ಯಮನೂರಮ್ಮ ಬಾಯಿ ತೆರೆಯುವುದಕ್ಕೂ ಜಾಲಿಯ ಮರೆಯಿಂದ ಸೀಟಿ ಕೇಳುವುದಕ್ಕೂ ಸರಿಹೋಯಿತು. ಮುಂದಿನ ಡಬ್ಬಿಯ ಮೆಟ್ಟಿಲ ಮೇಲೆ ಬಾವುಟ ಹಿಡಿದು ನಿಂತಿದ್ದವನ ಸೀಟಿ ಅದು. ಮುಖವಿಲ್ಲದ, ಮಣ್ಣುಬಣ್ಣದ ಡಬ್ಬಿಯೊಂದು ಹಪ್ಪಳದ ಹಳಿಯ ಮೇಲೆ ಸದ್ದಿಲ್ಲದೆ ಉರುಳುತ್ತ ಬಂದು, ದೀಪಿಕಾಳ ಬೆನ್ನ ಹಿಂದಿನ ಬೆಳಕನ್ನು ಮುಚ್ಚಿತು. ಮರುಕ್ಷಣ ಗಾಲಿಗಳ ಕಟಕಟ ಕಿವಿ ತುಂಬಿತು. ನಿಲ್ಲಿಸಲಾರದೆಯೋ ಏನೋ, ಯಮನೂರಮ್ಮ ಹೇಳುತ್ತಲೇ ಇದ್ದಳು. ತುಟಿಗಳು ಆಡುವುದು ಎಲ್ಲರಿಗೂ ಕಾಣುತ್ತಿತ್ತು. ಕೇಳಿದ್ದು ಅವಳ ಎದುರಿಗೆ ಗೇಣು ದೂರದಲ್ಲಿ ನಿಂತಿದ್ದ ದೀಪಿಕಾಳಿಗೆ ಮಾತ್ರ.

ಡಬ್ಬಿಯ ಹಿಂದೆ ಡಬ್ಬಿ, ಅದರ ಹಿಂದೆ ಮತ್ತೊಂದು. ಕಾಲ ಕೆಳಗಿನ ನೆಲ ನಡುಗುತ್ತಿತ್ತು. ನಗು ಎಲ್ಲರ ಮುಖದಲ್ಲೂ ಇದ್ದಲ್ಲೇ ನಿಂತುಬಿಟ್ಟಿತ್ತು. ಯಮನೂರಮ್ಮ ಸೊಸೆಯ ಮುಂಗೈಯನ್ನು ಹಿಡಿದೇ ಇದ್ದಳು. ಬಳೆಗಳು ಒತ್ತಿ ನೋವಾಗಿದ್ದರೂ ಪ್ರಿಯಾಂಕಾ ಕೈ ಎಳೆದುಕೊಳ್ಳಲಿಲ್ಲ. ಕಡೆಗೆ ಹಿಂದಿನಿಂದ ನೂಕುತ್ತಿದ್ದ ಇಂಜಿನ್ನು ತನ್ನೆಲ್ಲ ಸದ್ದಿನೊಂದಿಗೆ ಬಂದು ಹೋಯಿತು.

ಯಮನೂರಮ್ಮ ನಿಧಾನವಾಗಿ ಆದೆಮ್ಮನ ಕಡೆ ತಿರುಗಿದಳು.

"ಹಪ್ಪಳ ಮುರದಿಲ್ಲಂದಿ ನೋಡು," ಎಂದಳು.

ಆದೆಮ್ಮ ಹಣೆ ಬಡಿದುಕೊಂಡಳು. "ಇನ್ನ ಮಾಳಗಿ ಮ್ಯಾಲ ಹಾಕ್ತೀನಿ ಯಕ್ಕಾ. ನಿನ್ನಾಣಿ."

ಫೋನು ಗಣಗಣಿಸಿತು. ದೀಪಿಕಾ ಒಳಗೆ ಹೋಗಿ ಹಿಡಿಕೆ ತಿರುಗಿಸಿದಳು. ತೋಳುಗಳು ಇಷ್ಟು ಹೊತ್ತು ಚಾಚಿಕೊಂಡೇ ಇದ್ದದ್ದಕ್ಕೆ ನೋಯುತ್ತಿದ್ದವು. ದಂಡ ಎದ್ದಿತು. ಎಂದಿನ ಹಾಗೆ ನುಗ್ಗಾಟವಾಗಲಿಲ್ಲ. ಮೊದಲು ಮದುಮಕ್ಕಳ ಕಾರು ಹೋಗಲಿ ಎಂದು ಜಾಹೀದ್ ಲಾರಿಯನ್ನು ಬದಿಗೆ ತೆಗೆದ. ಆಚೆಯವರೂ ಹಾದಿ ಬಿಟ್ಟುಕೊಟ್ಟರು.

ಯಮನೂರಮ್ಮ ಟ್ರ್ಯಾಕ್ಟರು ಹತ್ತುವ ಮೊದಲು ಕೋಣೆಯ ಬಾಗಿಲಿಗೆ ಬಂದಳು. ಚೀಲದಲ್ಲಿ ಕೈಯಾಡಿಸಿ, ಹಸಿರು ಕುಬಸದ ಖಣವೊಂದನ್ನು ತೆಗೆದು, ಮೇಲೆ ಎರಡು ಎಲೆ ಒಂದು ಅಡಿಕೆ ಇಟ್ಟು, ದೀಪಿಕಾಳ ಕೈಗೆ ತುರುಕಿದಳು.

"ಬ್ಯಾಡ್ರಿ ಅಮ್ಮಾರ, ನಾವು ತಗೊಳ್ಳೋ ಹಂಗಿಲ್ಲ."

"ಗೇಟಿನವಳಿಗೆ ಕೊಟ್ಟಿಲ್ಲಬೇ. ಬಾಗಲಾ ತಡದ ನಾದ್ನಿಗೆ ಕೊಟ್ಟೀನಿ. ತಗೋ." ಹೊರಟವಳು ಮತ್ತೆ ತಿರುಗಿದಳು. ಮುಖದ ಮೇಲೆ ಬೆವರಿನ ಜೊತೆ ಇನ್ನೇನೋ ಇತ್ತು. "ನಾ ಅಂದದ್ದು ಯಾರಿಗೂ ಹೇಳಬ್ಯಾಡ ಮತ್ತ."

"ಇಲ್ರಿ."

ಟ್ರ್ಯಾಕ್ಟರು ಹೊರಟಿತು. ಎರಡೂ ಹಳಿಗಳ ಮೇಲೆ ಕುಪ್ಪಳಿಸಿ ಕುಪ್ಪಳಿಸಿ ದಾಟಿತು. ಒಳಗಿದ್ದ ಹೆಣ್ಣುಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಕಿರುಚಿದರು. ಆಚೆ ದಂಡ ದಾಟಿದ ಮೇಲೆ ನರಸಣ್ಣ ಡ್ರೈವರನ ಬೆನ್ನು ತಟ್ಟಿ ಗಾಡಿಯನ್ನು ನಿಧಾನ ಮಾಡಿಸಿದ. ತಗಡಿನ ಮೇಲೆ ಕೂತೇ ಪೂರಾ ಹಿಂದಕ್ಕೆ ತಿರುಗಿದ.

"ತಂಗೀ! ಏನಂದ್ಲವಾ ಆಕಿ? ರೈಲಿನ ಸಪ್ಪಳದಾಗ ನನಗ ಕೇಳಲಿಲ್ಲ!"

"ಬ್ಯಾಡಬೇ!" ಎಂದು ಯಮನೂರಮ್ಮ ಟ್ರ್ಯಾಕ್ಟರಿನೊಳಗಿಂದ ಕೈಯಾಡಿಸಿದಳು. ಆದರೆ ಆ ಕೈಯಾಡಿಸುವಿಕೆಯಲ್ಲಿ ಜೋರಿರಲಿಲ್ಲ. ಆಡಿಸುತ್ತಲೇ ಅವಳು ದೀಪಿಕಾಳ ಮುಖವನ್ನು ನೋಡುತ್ತಿದ್ದಳು.

ದೀಪಿಕಾ ಕೋಣೆಯ ಮೆಟ್ಟಿಲಿಳಿದು ರಸ್ತೆಯ ನಡುವೆ ಬಂದಳು. ಟ್ರ್ಯಾಕ್ಟರು ಭಡಭಡ ಎನ್ನುತ್ತಿತ್ತು. ಲಾರಿ, ಟಂಟಂ, ಬೈಕುಗಳು ಎಲ್ಲವೂ ಚಾಲೂ ಆಗಿದ್ದವು. ಅವಳು ಎದೆ ತುಂಬ ಉಸಿರೆಳೆದುಕೊಂಡು, ಎರಡೂ ಅಂಗೈಗಳನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದಳು:

"ನಾ ಬೈದ ಮಾತೆಲ್ಲಾ ಕಟ್ಟಿಟ್ರು ಗಂಟು,
ನರಸಣ್ಣರ ಬಿಟ್ರ ನನಗ್ಯಾರ ನಂಟು!"

ಸ್ಟೇಶನ್ನಿನ ಕಡೆಯ ಚಹದಂಗಡಿಯಲ್ಲಿ ಕೂತಿದ್ದವರು ಎದ್ದು ನಿಂತು ಇತ್ತ ನೋಡಿದರು. ಟ್ರ್ಯಾಕ್ಟರಿನಲ್ಲಿ ಕೇಕೆ ಎದ್ದಿತು. ಯಮನೂರಮ್ಮ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಕೆಳಗೆ ಕೂತುಬಿಟ್ಟಳು.

ನರಸಣ್ಣ ತಲೆಗೆ ಸುತ್ತಿದ್ದ ವಸ್ತ್ರವನ್ನು ನಿಧಾನವಾಗಿ ಬಿಚ್ಚಿ, ಮಡಿಚಿ, ತೊಡೆಯ ಮೇಲೆ ಇಟ್ಟುಕೊಂಡ. ರಸ್ತೆಯ ಅರ್ಧಕ್ಕೆ ಹರವಿದ್ದ ಭತ್ತವನ್ನು ತಪ್ಪಿಸುತ್ತ ಟ್ರ್ಯಾಕ್ಟರು ಕಾಲುವೆಯ ತಿರುವು ದಾಟುವ ತನಕ ಅವನು ಹಾಗೇ, ಇಳಿಬಿಸಿಲಿಗೆ ಬೋಳುತಲೆ ಒಡ್ಡಿಕೊಂಡು ಕೂತಿದ್ದ.